ಹೊಸ್ತಿಲು ದಾಟಿದ ಕಡುಬು

ಹೂರಣ ಕುದಿಯುವ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಹೊಸ್ತಿಲ ಕಡೆ ಹೋಗುತ್ತದೆ.

ವಾಡಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಸಿಮೆಂಟಿನ ಧೂಳು ಎಷ್ಟಿತ್ತೆಂದರೆ, ಒಂದು ತಾಸು ಅಲುಗದೆ ಕೂತವರು ಗೋಡೆಯಾಗಿಬಿಡುತ್ತಿದ್ದರು. ಆ ಮಧ್ಯಾಹ್ನ ನನ್ನ ಅವಳಿ ತಂಗಿಯರಲ್ಲಿ ಗಂಗಾ ಸರ್ಕಸ್ಸಿನ ಆನೆಮರಿಯಂತೆ ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳು. ಕೂಸು ಹೊಸ್ತಿಲು ದಾಟಿದರೆ ಕಡುಬು ಮಾಡಿ ಓಣಿಗೆ ಹಂಚುವುದು ನಮ್ಮ ಮನೆಯ ಪದ್ಧತಿ. ನನ್ನ ಹೊಟ್ಟೆ ಆಗಲೇ ಎಲೆ ಹಾಕಿಕೊಂಡು ಕೂತಿತ್ತು.

ಅವ್ವ ಓಡಿಬಂದು ಗಂಗಾಳನ್ನು ಒಳಗೆತ್ತಿಕೊಂಡಳು. ಹೊರಗಿನ ಧೂಳಿನಲ್ಲಿ ಮೂಡಿದ್ದ ಪುಟ್ಟ ಅಂಗೈಗಳ ಗುರುತನ್ನು ಸೆರಗಿನಿಂದ ಒರೆಸಿದಳು.

"ಇಕಿ ದಾಟಿಲ್ಲ. ನೀ ಏನೂ ನೋಡಿಲ್ಲ."

"ದಾಟ್ಯಾಳಬೇ! ಕಡುಬು ಮಾಡು."

"ಜೋಡಿ ಕೂಸಿಗಿ ಜೋಡೀಲೇ ಮಾಡ್ಬೇಕು. ತುಂಗಾನೂ ದಾಟ್ಲಿ, ಆಮ್ಯಾಲ."

ತುಂಗಾ ಮಲಗಿಸಿದಲ್ಲೇ ಮಲಗಿ ಫ್ಯಾನ್ ನೋಡುತ್ತಿದ್ದಳು. ಅವಳು ಇನ್ನೂ ಒಮ್ಮೆಯೂ ಮಗುಚಿಕೊಂಡಿರಲಿಲ್ಲ.

"ಗಂಗಾನ ಕಾಲು ಎಷ್ಟ್ ದಿನ ಕಟ್ಟಿ ಇಡ್ತಿ ಯವ್ವಾ?" ಎಂದು ಅಜ್ಜಿ ಎದ್ದು ಹೂರಣಕ್ಕೆ ಬೇಳೆ ಒಲೆಗಿಟ್ಟಳು.

ಅವ್ವ ತುಂಗಾಳನ್ನು ಎತ್ತಿಕೊಂಡು ಹೊರಗೆ ಕೂತಳು. ಕೂಸಿನ ಮೆತ್ತನೆಯ ಅಂಗೈಗಳನ್ನು ಒಂದೊಂದಾಗಿ ಧೂಳಿಗೆ ಒತ್ತಿದಳು.

"ಇಕಿನೂ ದಾಟಿದ್ಳು. ಹೋಗು, ಓಣ್ಯಾಗ ಹೇಳಿ ಬಾ."

ಕಡುಬು ಆದೊಡನೆ ತಾಟು ಹಿಡಿದು, ಪಕ್ಕದಲ್ಲೇ ಇದ್ದ, ಚಿಕ್ಕಮ್ಮನಂಥ ಖಾಲಾಳ ಮನೆಗೆ ನುಗ್ಗಿದೆ.

"ಖಾಲಾ, ಇಬ್ರೂ ದಾಟಿದ್ರು! ಗಂಗಾಗಿಂತ ತುಂಗಾನೇ ಜೋರು, ರೈಲು ಹೋದಂಗ ಹೋದ್ಳು!"

ನನ್ನ ಬಡಾಯಿಗೆ ದಿನಾ ಹೊಟ್ಟೆ ಹಿಡಿದು ನಗುತ್ತಿದ್ದ ಖಾಲಾ ಅಂದು ನಗಲಿಲ್ಲ. ಪ್ರಾರ್ಥನೆಗೆ ನಿಂತವಳಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಗಂಗಾಳದೊಂದು, ತುಂಗಾಳದೊಂದು ಎಂದು ಎರಡು ಕಡುಬು ತೆಗೆದುಕೊಂಡಳು.