ಹತ್ತನೆಯ ರೋಗಿ

ಮನಸ್ಸಿನ ಕಾಯಿಲೆಗೆ ಪರದೆಯ ಮೇಲೆ ಡಾಕ್ಟರು ಸಿಗುವ ಯೋಜನೆ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ತಿಂಗಳಿಗೆ ಹತ್ತು ರೋಗಿಗಳನ್ನು ಟ್ಯಾಬ್ ಮುಂದೆ ಕೂರಿಸುವ ಕೆಲಸ ಆಶಾ ಕಾರ್ಯಕರ್ತೆ ನೀಲವ್ವಳದು. ಕರೆಯಲು ಹೋದರೆ ಹೆಚ್ಚಿನವರು, "ನಮಗೇನ ಹುಚ್ಚ ಹಿಡದೈತೇನ?" ಎಂದು ಬೈದು ಕಳಿಸುತ್ತಿದ್ದರು. ಈ ತಿಂಗಳು ಲೆಕ್ಕ ಒಂಬತ್ತಕ್ಕೇ ನಿಂತಿತ್ತು. ಕೊನೆಯ ದಿನ ಮೇಲಿನವರ ಫೋನು ಬಂತು: "ಹತ್ತಾಗದಿದ್ರೆ ಯಾಕಂತ ಬರೆದು ಕೊಡಿ."

ನೀಲವ್ವ ಆರೋಗ್ಯ ಉಪಕೇಂದ್ರದ ಬಾಗಿಲು ಮುಂದೆ ಮಾಡಿ, ನಾದಿನಿ ದ್ಯಾಮವ್ವಳ ಹೆಸರು ಹೇಳಿ ತಾನೇ ಕುಳಿತಳು. ಡಾಕ್ಟರು ಹೊಸಬರು. ನೆಟ್‌ವರ್ಕ್ ಸಾಲದೆ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ.

"ನಿದ್ದೆ ಬರುತ್ತಾ ಅಮ್ಮ?"

"ಇಲ್ರಿ" ಅಂದಳು, ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ. ಅಂದ ಮೇಲೆ ಅದು ನಿಜವೆಂದು ಗೊತ್ತಾಯಿತು.

"ಯಾಕೆ ಬರಲ್ಲ?"

"ಊರ ಮಂದಿ ಸಂಕಟ ಎಲ್ಲಾ ನನ್ನ ಮುಂದ ಹೇಳ್ತಾರ್ರಿ. ನನ್ನದನ್ನ ಯಾರೂ ಕೇಳಂಗಿಲ್ರಿ."

ಮಾತು ಮುಗಿಯುವ ಮೊದಲೇ ಅಳು ಒತ್ತಿಕೊಂಡು ಬಂತು. ತಾಯಿ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಅಳು ನಿಂತ ಮೇಲೆ ಡಾಕ್ಟರು ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

"ದ್ಯಾಮವ್ವ, ಹೆದರಬೇಡಿ. ನಿಮ್ಮೂರಲ್ಲೇ ನೀಲವ್ವ ಅಂತ ಆಶಾ ಕಾರ್ಯಕರ್ತೆ ಇದ್ದಾರೆ. ಇನ್ನು ಮೇಲೆ ಏನಿದ್ದರೂ ಅವರ ಹತ್ತಿರ ಹೇಳಿಕೊಳ್ಳಿ."