ತಾಮ್ರಕ್ಕೆ ಆರು ಬಂಧ

ಮೂರು ವರ್ಷ ಕಾದ ಮೇಲೆ ನೀಲಾಂಬಿಕಾಳ ಬೀಕರಿನಲ್ಲಿ ಹಸಿರು ಹರಳುಗಳು ಮೂಡಿದವು. ತಾಮ್ರವೂ ಶಿಫ್ ಬೇಸ್ ಎಂಬ ಸಾವಯವ ವಸ್ತುವೂ ಕೂಡಿದ ಆ ಸಂಯುಕ್ತವನ್ನು ಮೊದಲು ತಯಾರಿಸಿದವರು ಅವಳ ಪಿಎಚ್‌ಡಿ ಗೈಡ್ ಸಂಕಣ್ಣವರ್ ಸರ್. ಅದರಲ್ಲಿ ತಾಮ್ರಕ್ಕೆ ಆರು ಬಂಧಗಳಿವೆ ಎಂದು ಮೂವತ್ತು ವರ್ಷಗಳ ಹಿಂದೆ ಅವರು ಬರೆದಿದ್ದರು. ಬಂಧಗಳನ್ನು ಎಕ್ಸ್‌ರೇಯಲ್ಲಿ ಎಣಿಸಿ ನೋಡಲು ಹರಳು ಬೇಕು; ಆಗ ಅದು ಸಿಕ್ಕಿರಲಿಲ್ಲ. ಊಹೆಯನ್ನೇ ಎಲ್ಲರೂ ಒಪ್ಪಿದ್ದರು. ಡಾಕ್ಟರೇಟ್, ನೌಕರಿ, ಹೆಸರು ಎಲ್ಲವೂ ಅವರಿಗೆ ಬಂದದ್ದು ಅದರಿಂದಲೇ.

ಹರಳಿನ ಎಕ್ಸ್‌ರೇ ವರದಿಯನ್ನು ಅವಳು ಅವರ ಮೇಜಿನ ಮೇಲಿಟ್ಟಳು.

“ಸರ್, ನಾಲ್ಕ ಬಂಧ ಅದಾವ್ರೀ.”

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಇನ್ನೊಂದು ಹರಳು ನೋಡಬೇಕಿತ್ತು.”

“ಮೂರು ನೋಡೇನ್ರೀ. ಮೂರರಾಗೂ ನಾಲ್ಕ.”

“ಯಾರಿಗರೆ ತೋರಿಸೀಯೇನವಾ?”

“ಇಲ್ರೀ ಸರ್. ನೀವು ಬ್ಯಾಡ ಅಂದ್ರ ಥೀಸಿಸ್‌ನಾಗ ಬರಿಯೂದಿಲ್ಲ.”

ಅವರು ವರದಿಯನ್ನು ಅವಳ ಕಡೆಗೆ ಸರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ.

“ಬರಿ.”

“ನಿಮ್ಮ ಹೆಸರು ಹಾಳಾಗ್ತದ್ರೀ ಸರ್. ನೀವು ತಪ್ಪು ಮಾಡೀರಿ ಅಂತಾರ ಎಲ್ಲಾರೂ.”

“ತಪ್ಪಲ್ಲವಾ ಅದು, ಸುಳ್ಳು. ನಾಲ್ಕ ಅಂತ ಬ್ಯಾರೆ ಪರೀಕ್ಷೆದಾಗ ನನಗ ಆವಾಗ್ಲೇ ಗೊತ್ತಾಗಿತ್ತು. ಅದಕ್ಕ ನಿನಗ ಈ ವಿಷಯ ಕೊಟ್ಟಿದ್ದು.”