ತಾತನ ಉಪ್ಪಿನ ಗಿಡ

ಈಗಲೂ ಸಾರಿಗೆ ಉಪ್ಪು ಹಾಕುವಾಗ ಅಬ್ಬಿಗೆರೆ ಮನೆಯ ಆ ಬೂದುಬಣ್ಣದ ಗಿಡ ನೆನಪಾಗುತ್ತದೆ. ಉಪ್ಪು ನೆಲದಲ್ಲೂ ಬದುಕುವ ಆ ಮರುಭೂಮಿಯ ಗಿಡವನ್ನು ಮಾವ ರಾಜಸ್ಥಾನದಿಂದ ತಂದು ಕುಂಡದಲ್ಲಿ ನೆಟ್ಟಿದ್ದರು.

ತಾತನಿಗೆ ಬಿಪಿ ಬಂದಮೇಲೆ ಅಜ್ಜಿ ಅವರ ಸಾರಿಗೆ ಉಪ್ಪು ನಿಲ್ಲಿಸಿದ್ದಳು. ಒಂದು ಮಧ್ಯಾಹ್ನ ತಾತ ಜಗಲಿಯಲ್ಲಿ ಕುಳಿತು, ಆ ಗಿಡದ ಎಲೆಗಳನ್ನು ಮುದ್ದೆಯ ತುತ್ತಿಗೆ ಒತ್ತಿ ಸದ್ದಿಲ್ಲದೆ ನುಂಗುತ್ತಿದ್ದರು. ನಾನೂ ಮೇಕೆಗೇ ನಾಚಿಕೆಯಾಗುವಂತೆ ಒಂದು ಹಿಡಿ ಎಲೆ ಬಾಯಿಗೆ ತುರುಕಿ, ಅಗಿದು, ಇಡೀ ಅಬ್ಬಿಗೆರೆಗೆ ಕೇಳುವಂತೆ ಕಿರುಚಿದೆ: "ಅಜ್ಜೀ, ಉಪ್ಪೂ!"

ಅಜ್ಜಿ ಓಡಿಬಂದು ಒಂದು ಎಲೆ ಕಚ್ಚಿ ನೋಡಿದಳು.

"ಇದಾ ನಿಮ್ ಪಥ್ಯ?" ಎಂದವಳೇ ಗಿಡವನ್ನು ಬೇರುಸಮೇತ ಕಿತ್ತೆಸೆದಳು.

ತಾತ ನನ್ನನ್ನು ಬೈಯಲಿಲ್ಲ. "ನುಂಗ್ಬೇಕಿತ್ತು ಕಣ್ಲಾ, ಅಗೀಬಾರ್ದಿತ್ತು," ಎಂದು, ಉಳಿದ ಮುದ್ದೆಯನ್ನು ಸಪ್ಪೆ ಸಾರಿಗೆ ಅದ್ದಿದರು.